ಬೆಕ್ಕು ಆಡಿದ ಮಾತು

ಸೆಪ್ಟೆಂಬರ್ 2, ಸೋಮವಾರ, ಸಂಜೆ ಐದೂವರೆ. ನಾನು ಮುಂದಿನ ಕೋಣೆಯಲ್ಲಿ ಒಣಗಿದ ಬಟ್ಟೆ ಮಡಚುತ್ತಿದ್ದೆ. ಅಕ್ಕನ ಮಗಳು ಶಾಲೆಯ ಚೀಲವನ್ನು ಬಾಗಿಲ ಬಳಿಯೇ ಕುಕ್ಕಿ, ಶೂ ಸಹ ಬಿಚ್ಚದೆ ಬಂದು ಟಿ.ವಿ. ಹಾಕಿದಳು. ಅಕ್ಕನಿಗೆ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಏಳು ಗಂಟೆಯವರೆಗೆ ಕೆಲಸ. ಹಾಗಾಗಿ ಶಾಲೆ ಬಿಟ್ಟಲ್ಲಿಂದ ಅಲ್ಲಿಯವರೆಗೆ ಈ ಹುಡುಗಿ ನನ್ನ ಪಾಲು. ಹದಿನೈದು ವರ್ಷ. ಕೈಕಾಲು ಬೆಂಕಿಕಡ್ಡಿಯ ಹಾಗಿರುವುದರಿಂದ ಮನೆಯವರಿಗೆಲ್ಲ ಅವಳು ಕಡ್ಡಿ.

"ಚಿಕ್ಕಿ, ಇವತ್ತಿಂದ ಹೊಸಾದು ಶುರು. ಮಧ್ಯ ಮಾತಾಡ್ಬೇಡ."

"ನನ್ನ ಮನೇಲಿ ನಾನೇ ಮಾತಾಡ್ಬಾರ್ದಾ?"

"ಇಪ್ಪತ್ತೆರಡೇ ನಿಮಿಷ. ಆಮೇಲೆ ಎಷ್ಟ್ ಬೇಕಾದ್ರೂ ಬೈಯಿ."

ಧಾರಾವಾಹಿಯ ಹೆಸರು 'ತಾರಸಿಯ ಐವರು'. ಹತ್ತನೇ ತರಗತಿಯ ಐದು ಮಕ್ಕಳು, ಅವರ ಶಾಲೆಯ ತಾರಸಿಯ ಮೇಲೆ ಉಪಯೋಗ ಬಿಟ್ಟ ಒಂದು ನೀರಿನ ಟ್ಯಾಂಕು. ಊಟದ ಬಿಡುವಿನಲ್ಲಿ ಐವರೂ ಅದರೊಳಗೆ ಇಳಿದು ಕೂರುತ್ತಾರೆ. ಕಥೆಯೆಂದರೆ ಇಷ್ಟೇ. ಹದಿಹರೆಯದವರ ಧಾರಾವಾಹಿಯೆಂದರೆ ಒಬ್ಬಳು ಅಳುವುದು, ಒಬ್ಬ ಬೈಕು ಓಡಿಸುವುದು, ಇಬ್ಬರಿಗೂ ಸೇರಿಸಿ ಹಿಂದಿನಿಂದ ಪಿಟೀಲು ಕೊಯ್ಯುವುದು ಎಂದುಕೊಂಡಿದ್ದ ನಾನು, ಮಡಚಿದ ಬಟ್ಟೆ ತೊಡೆಯ ಮೇಲಿದ್ದ ಹಾಗೆಯೇ ಕೂತುಬಿಟ್ಟೆ. ಅಲ್ಲಿ ಯಾರೂ ಯಾರಿಗೂ ಬುದ್ಧಿ ಹೇಳಲಿಲ್ಲ. ಮಕ್ಕಳು ಮಕ್ಕಳ ಹಾಗೆಯೇ ಇದ್ದರು. ಒಬ್ಬ ಹುಡುಗ ಯಾವಾಗಲೂ ಗೆರೆ ಮುರಿಯದ ಅಂಗಿ ಹಾಕುತ್ತಿದ್ದ, ಅವನನ್ನು ಉಳಿದವರು ಇಸ್ತ್ರಿ ಎನ್ನುತ್ತಿದ್ದರು. ಟ್ಯಾಂಕಿನ ಮೂಲೆಯಲ್ಲಿ ಮಂಡಿ ಅಪ್ಪಿಕೊಂಡು ಕೂರುವವಳ ಹೆಸರು ಬೆಕ್ಕು.

ನಾನು ಸೋತದ್ದು ಬೆಕ್ಕಿಗೆ. ನಲವತ್ತನಾಲ್ಕು ವರ್ಷದ, ಭೌತಶಾಸ್ತ್ರ ಓದಿದ, ದಿನಕ್ಕೆ ನಾಲ್ಕು ಪುಟ ಅಂಕಿ ಬರೆಯುವ ಹೆಂಗಸು ಒಬ್ಬ ಶಾಲಾ ಹುಡುಗಿಗಾಗಿ ಐದೂವರೆ ಯಾವಾಗ ಆಗುತ್ತದೆಂದು ಗಡಿಯಾರ ನೋಡತೊಡಗಿದಳು. ಬೆಕ್ಕು ಎಲ್ಲರೆದುರು ಮಾತಾಡುವವಳಲ್ಲ. ಪಕ್ಕದವಳ ಕಿವಿಯ ಬಳಿ ಬಾಗುತ್ತಾಳೆ. ಕೂದಲು ಅವಳ ಬಾಯಿಯ ಮೇಲೆ ಪರದೆಯಂತೆ ಬೀಳುತ್ತದೆ. ಎಂಟು ಸೆಕೆಂಡು, ಒಮ್ಮೊಮ್ಮೆ ಹನ್ನೆರಡು, ಏನೂ ಇಲ್ಲ. ಬರೀ ಮೌನ. ಕೇಳಿಸಿಕೊಂಡವಳ ಮುಖ ಮಾತ್ರ ಬದಲಾಗುತ್ತದೆ. ಬೆಕ್ಕು ಹೇಳಿದ್ದು ಏನೆಂದು ನೋಡುವವರಿಗೆ ಕೇಳಿಸದಂತೆ ಬಿಟ್ಟಿದ್ದಾರಲ್ಲ, ಎಂಥ ಎದೆಗಾರಿಕೆ ಎಂದು ನಾನು ಬೆರಗಾದೆ. ಆ ಮೌನದಲ್ಲಿ ಅವಳಿಗಾಗಿ ನಾನೇ ಮಾತು ಹುಡುಕುತ್ತಿದ್ದೆ. ಆ ಮಾತುಗಳೆಲ್ಲ ಗಂಭೀರವಾಗಿದ್ದವು, ಸ್ವಲ್ಪ ದುಃಖದವು.

ಇದನ್ನೇ ಮರುವಾರ ಆಸ್ಪತ್ರೆಯಲ್ಲಿ ಹೇಳಿಕೊಂಡೆ. "ಎಲ್ಲಾ ಬಾಯ್ಬಿಟ್ಟು ಹೇಳ್ಬಾರ್ದು ಕಣೆ. ಹೇಳದೇ ಬಿಡೋದು ಒಂದು ಕಲೆ."

"ಸರಿ ಮೇಡಂ," ಎಂದಳು ಜೂನಿಯರ್. "ಮೊದಲು ಈ ತಾತನ ಕಿವಿ ನೋಡಿ. ಅವರು ಹೇಳದೇ ಬಿಟ್ಟಿದ್ದು ಬಹಳ ಇದೆ."

ನಾನು ಕೆಲಸ ಮಾಡುವುದು ಒಂದು ಆಸ್ಪತ್ರೆಯ ಶ್ರವಣ ಪರೀಕ್ಷೆಯ ವಿಭಾಗದಲ್ಲಿ. ಹನ್ನೊಂದು ವರ್ಷವಾಯಿತು. ನನ್ನ ಜೊತೆಗಿರುವ ಇನ್ನೊಬ್ಬ ಪರೀಕ್ಷಕಿ ಬಂದು ನಾಲ್ಕು ವರ್ಷವಾದರೂ ಅವಳ ಹಿಂದೆ ಇನ್ನೊಬ್ಬರು ಬರಲಿಲ್ಲವಾದ್ದರಿಂದ ಜೂನಿಯರ್ ಆಗಿಯೇ ಉಳಿದಿದ್ದಾಳೆ. ಕೆಲಸ ಸರಳ. ಸದ್ದು ಒಳನುಗ್ಗದಂತೆ ದಪ್ಪ ಗೋಡೆ, ಜೋಡಿ ಗಾಜಿನ ಕಿಟಕಿ ಇರುವ ಪುಟ್ಟ ಕೋಣೆಯಲ್ಲಿ ರೋಗಿಯನ್ನು ಕೂರಿಸಿ, ಹೆಡ್‌ಫೋನು ಹಾಕಿ, ಕೈಗೊಂದು ಗುಂಡಿ ಕೊಡುತ್ತೇವೆ. ಹೊರಗಿನ ಯಂತ್ರದಿಂದ ಬೇರೆಬೇರೆ ಕಂಪನಾಂಕದ ಸಣ್ಣ ಸದ್ದು ಕಳಿಸುತ್ತೇವೆ. ಕೇಳಿಸಿದಾಗ ರೋಗಿ ಗುಂಡಿ ಒತ್ತಬೇಕು. ಎಷ್ಟು ಡೆಸಿಬೆಲ್‌ಗೆ ಕಿವಿ ಎಚ್ಚರಗೊಂಡಿತೋ ಅದು ಆ ಕಿವಿಯ ಅಂಕಿ. ಇಪ್ಪತ್ತರವರೆಗೆ ಸಹಜ, ಅದಕ್ಕಿಂತ ಹೆಚ್ಚು ಬೇಕಾದರೆ ಕಿವಿ ಅಷ್ಟರಮಟ್ಟಿಗೆ ಸೋತಿದೆ ಎಂದರ್ಥ.

ಆದರೆ ಯಂತ್ರವೇ ಸೋತರೆ? ಅದನ್ನು ತಿಳಿಯಲು ನಮ್ಮಲ್ಲಿ ಒಂದು ಹಳೆಯ ಪದ್ಧತಿಯಿದೆ. ಮೂರು ತಿಂಗಳಿಗೊಮ್ಮೆ, ಅಂಕಿ ಗೊತ್ತಿರುವ ಒಂದು ಕಿವಿಯಿಂದ ಯಂತ್ರವನ್ನು ಕೇಳಿ ನೋಡುವುದು. ಹಿಂದಿನ ಅಂಕಿಗೂ ಇಂದಿನ ಅಂಕಿಗೂ ವ್ಯತ್ಯಾಸ ಕಂಡರೆ ಯಂತ್ರದಲ್ಲಿ ದೋಷವಿದೆಯೆಂದು ತಿಳಿದು, ರಿಪೇರಿಯವನು ಬರುವವರೆಗೆ ಆ ವ್ಯತ್ಯಾಸವನ್ನು ಒಂದು ಚೀಟಿಯಲ್ಲಿ ಬರೆದು ಯಂತ್ರಕ್ಕೆ ಅಂಟಿಸುತ್ತೇವೆ. ಪ್ರತಿ ರೋಗಿಯ ಅಂಕಿಯಿಂದ ಅಷ್ಟನ್ನು ಕಳೆಯುತ್ತೇವೆ. ನಮ್ಮ ವಿಭಾಗದ ಆ ಮಾನದಂಡದ ಕಿವಿ ನನ್ನದು. ರಿಜಿಸ್ಟರಿನ ಮೊದಲ ಪುಟದಲ್ಲಿ ನನ್ನ ಅಂಕಿಗಳಿವೆ. ಎಲ್ಲವೂ ಹತ್ತರ ಆಸುಪಾಸು. ಅದರ ಬಗ್ಗೆ ನನಗೊಂದು ಗುಟ್ಟಿನ ಹೆಮ್ಮೆಯೂ ಇತ್ತು.

ಸೆಪ್ಟೆಂಬರ್ 9ರಂದು ಕೇಳಿ ನೋಡಿದಾಗ ನಾಲ್ಕು ಸಾವಿರ ಹರ್ಟ್ಸ್‌ನ ಚೂಪು ಸದ್ದು ಇಪ್ಪತ್ತೈದಕ್ಕೆ ಏರಿಸುವವರೆಗೆ ನನಗೆ ಕೇಳಿಸಲಿಲ್ಲ. ಎಡಗಿವಿಗೂ ಇಪ್ಪತ್ತೈದು, ಬಲಗಿವಿಗೂ ಇಪ್ಪತ್ತೈದು. ನಾನು ತರ್ಕಬದ್ಧವಾಗಿಯೇ ಯೋಚಿಸಿದೆ. ಕಿವಿ ಕೆಟ್ಟರೆ ಒಂದು ಹೆಚ್ಚು, ಒಂದು ಕಮ್ಮಿ ಕೆಡುತ್ತದೆ. ಎರಡೂ ಕಡೆ ಸಮಸಮ ಹದಿನೈದು ಕುಸಿದಿದೆಯೆಂದರೆ ದೋಷ ಎರಡಕ್ಕೂ ಸದ್ದು ಕೊಡುವ ಯಂತ್ರದ್ದು.

ಜೂನಿಯರ್ ತಾನೂ ಹೆಡ್‌ಫೋನು ಹಾಕಿಕೊಂಡು ಕೇಳಿದಳು. "ಮೇಡಂ, ನಂಗೆ ಸರಿಯಾಗೇ ಕೇಳಿಸ್ತಿದೆಯಲ್ಲ."

"ನಿನ್ನ ಕಿವಿ ರಿಜಿಸ್ಟರಲ್ಲಿ ಇದೆಯಾ?"

"ಇಲ್ಲ."

"ಮತ್ತೆ? ಎಳೇ ಕಿವಿಗೆ ಇರುವೆ ಕೆಮ್ಮಿದ್ರೂ ಕೇಳಿಸತ್ತೆ. ಚೀಟಿ ಬರಿ."

ಅವಳು ಚೀಟಿ ಬರೆದು ಅಂಟಿಸಿದಳು: 4000 — ಹದಿನೈದು ಕಳೆಯಿರಿ. ರಿಪೇರಿಯವನಿಗೆ ಕಾಗದ ಹೋಯಿತು. ಅವನು ಬರುವುದು ಅಕ್ಟೋಬರ್ ಕೊನೆಗೆ ಎಂದು ಉತ್ತರ ಬಂತು.

ಅಕ್ಟೋಬರ್ 3, ಗುರುವಾರ, ಇಪ್ಪತ್ತನಾಲ್ಕನೇ ಕಂತು. ಇಸ್ತ್ರಿಯ ಅಪ್ಪ ಕೆಲಸ ಕಳೆದುಕೊಂಡಿದ್ದಾನೆ. ಇಸ್ತ್ರಿ ಮೊದಲ ಸಲ ಮುದುಡಿದ ಅಂಗಿಯಲ್ಲಿ ಬಂದಿದ್ದಾನೆ. ಐವರೂ ಟ್ಯಾಂಕಿನಲ್ಲಿ ಸುಮ್ಮನಿದ್ದಾರೆ. ಬೆಕ್ಕು ಎದ್ದು ಬಂದು ಅವನ ಪಕ್ಕ ಕೂತು ಕಿವಿಯ ಹತ್ತಿರ ಬಾಗಿದಳು. ಕೂದಲು ಬಿತ್ತು. ಮೌನ.  ಅವಳು ಏನಂದಿರಬಹುದೆಂದು ನನ್ನಷ್ಟಕ್ಕೆ ಹುಡುಕುತ್ತಿದ್ದೆ.

ನನ್ನ ಪಕ್ಕದಲ್ಲಿ ಕಡ್ಡಿ ಕಿಸಕ್ಕನೆ ನಕ್ಕಳು. ನಗುತ್ತಲೇ ಕಣ್ಣೊರೆಸಿಕೊಂಡಳು.

"ಅಯ್ಯೋ ಚಿಕ್ಕಿ, ಏನ್ ಅಂದ್ಲು ನೋಡು! ಇಂಥಾ ಟೈಮಲ್ಲಿ ಯಾರಾದ್ರೂ ಹಂಗೆ ಅಂತಾರಾ?"

 ಅವಳು ತಮಾಷೆ ಮಾಡುತ್ತಿದ್ದಾಳೇನೋ ಎಂದು ಮುಖ ನೋಡಿದೆ. ಇಲ್ಲ, ಅವಳ ಕಣ್ಣು ಪರದೆಯ ಮೇಲೇ ಇತ್ತು. ನನ್ನ ಉತ್ತರಕ್ಕೂ ಕಾಯುತ್ತಿರಲಿಲ್ಲ.

"ಹೌದು ಮತ್ತೆ," ಎಂದೆ. "ಬಾಯಿಗೆ ಬೀಗವೇ ಇಲ್ಲ ಅವಳಿಗೆ."

ಹೇಗೋ ಸರಿಯಾದ ಉತ್ತರವೇ ಆಗಿರಬೇಕು, ಅವಳು ಮತ್ತೆ ನಕ್ಕಳು. ಉಳಿದ ಒಂಬತ್ತು ನಿಮಿಷದಲ್ಲಿ ಏನಾಯಿತೆಂದು ನನಗೆ ಗೊತ್ತಿಲ್ಲ. 

ಮರುದಿನ ನಾನು ಟಿ.ವಿ. ನೋಡಲಿಲ್ಲ, ಕಡ್ಡಿಯನ್ನು ನೋಡಿದೆ. ಕೈಯಲ್ಲಿ ಸಾಮಾನಿನ ಪಟ್ಟಿ ಬರೆಯುವ ಹಾಗೆ ಒಂದು ಚೀಟಿ, ಪೆನ್ಸಿಲು. ನನ್ನ ಪಾಲಿಗೆ ಮೌನವಿದ್ದಾಗ ಅವಳ ಮುಖ ಕದಲಿದರೆ ಒಂದು ಗೆರೆ. ಹುಬ್ಬು ಏರಿತು, ಒಂದು ಗೆರೆ. ತುಟಿ ಕಚ್ಚಿದಳು, ಒಂದು. ಇಪ್ಪತ್ತೆರಡು ನಿಮಿಷಕ್ಕೆ ಹನ್ನೊಂದು ಗೆರೆಗಳಾದವು. ನಾನು ಆರಾಧಿಸಿದ ಆ ಮೌನ ಧಾರಾವಾಹಿಯಲ್ಲಿ ಇರಲೇ ಇಲ್ಲ. ಅದು ಇದ್ದದ್ದು ನನ್ನ ತಲೆಯಲ್ಲಿ.

ಪಿಸುಮಾತಿನಲ್ಲಿ ಗಂಟಲು ನಡುಗುವುದಿಲ್ಲ, ಬರೀ ಉಸಿರು. ಅದರ ಸದ್ದೆಲ್ಲ ಮೇಲಿನ ಕಂಪನಾಂಕಗಳಲ್ಲಿ. ಇದನ್ನು ನಾನೇ ಎಷ್ಟೋ ಮನೆಯವರಿಗೆ ವಿವರಿಸಿದ್ದೇನೆ: ಎದುರು ಕೂತು ಮಾತಾಡಿದರೆ ನಿಮ್ಮಮ್ಮನಿಗೆ ಎಲ್ಲ ಕೇಳಿಸುತ್ತೆ, ಅದಕ್ಕೇ ಕಿವಿ ಸೋತದ್ದು ನಿಮಗೆ ಗೊತ್ತಾಗೋದಿಲ್ಲ, ಅವರಿಗೂ ಗೊತ್ತಾಗೋದಿಲ್ಲ. ಜುಲೈ ತಿಂಗಳಲ್ಲಿ ಮೂತ್ರಕೋಶದ ಸೋಂಕಿಗೆಂದು ನನಗೆ ಹತ್ತು ದಿನ ಚುಚ್ಚುಮದ್ದು ಕೊಟ್ಟಿದ್ದರು. ಕೆಲವು ಔಷಧಿಗಳು ಕಿವಿಯ ಒಳಗಿನ ಸೂಕ್ಷ್ಮ ಕೂದಲುಗಳನ್ನು ಸುಡುತ್ತವೆ. ಮೇಲಿನ ಕಂಪನಾಂಕದಿಂದ ಶುರುಮಾಡಿ. ಎರಡೂ ಕಡೆ. ಸಮಸಮ.

ಶನಿವಾರ, ಭಾನುವಾರ ನಾನು ಈ ಯೋಚನೆಯನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಮನೆಯ ಸದ್ದುಗಳನ್ನು ಮಾತ್ರ ಎಣಿಸುತ್ತಿದ್ದೆ. ನಲ್ಲಿಯ ನೀರು ಕೇಳಿಸುತ್ತದೆ. ಬಾಗಿಲ ಚಿಲಕ ಕೇಳಿಸುತ್ತದೆ. ಅಡುಗೆಮನೆಯ ಗಡಿಯಾರದ ಕೆಳಗೆ ನಿಂತು ಮುಳ್ಳು ನೋಡಿದೆ. ಮುಳ್ಳು ಹಾರುತ್ತಿತ್ತು, ಟಿಕ್ ಎನ್ನುತ್ತಿರಲಿಲ್ಲ. ಎಂದಿನಿಂದ ಟಿಕ್ ಎನ್ನುತ್ತಿಲ್ಲ? ನೆನಪಾಗಲಿಲ್ಲ. ಹೋದ ಸದ್ದು ಹೋಗುವಾಗ ಹೇಳಿ ಹೋಗುವುದಿಲ್ಲ. ನಮ್ಮ ಆಸ್ಪತ್ರೆಯಲ್ಲಿ ಎರಡು ವರ್ಷದ ಹಿಂದೆ ಒಬ್ಬ ರಕ್ತ ಪರೀಕ್ಷಕನಿಗೆ ಬಣ್ಣ ಗುರುತಿಸಲು ಆಗುತ್ತಿಲ್ಲವೆಂದು ತಿಳಿದಾಗ ಒಂದೇ ವಾರದಲ್ಲಿ ಅವನನ್ನು ಉಗ್ರಾಣಕ್ಕೆ ಹಾಕಿದ್ದರು. ಈಗ ಅವನು ಕೈಗವಸಿನ ಪೆಟ್ಟಿಗೆಗಳನ್ನು ಜೋಡಿಸುತ್ತಾನೆ. ಎದುರಾದರೆ ನೆಲ ನೋಡುತ್ತಾನೆ. ಕಿವಿಯೇ ಇಲ್ಲದ ಕಿವಿ ಪರೀಕ್ಷಕಿಯನ್ನು ಎಲ್ಲಿಗೆ ಹಾಕುತ್ತಾರೆ?

ಸೋಮವಾರ ಬೆಳಗ್ಗೆ ಏಳೂ ಮುಕ್ಕಾಲಿಗೆ, ಜೂನಿಯರ್ ಬರುವ ಮೊದಲು, ನಾನು ಯಂತ್ರವನ್ನು ಆಟೋಮ್ಯಾಟಿಕ್‌ಗೆ ಹಾಕಿ ಕೋಣೆಯೊಳಗೆ ಹೋಗಿ ಕೂತೆ. ಹಾಗೆ ಹಾಕಿದರೆ ಅದು ತಾನೇ ಸದ್ದು ಕಳಿಸಿ, ತಾನೇ ಅಂಕಿ ಹಾಳೆಗಿಳಿಸುತ್ತದೆ. ಹನ್ನೊಂದು ನಿಮಿಷ. ಕಣ್ಣು ಮುಚ್ಚಿ, ಕೇಳಿಸಿದಾಗಲೆಲ್ಲ ಗುಂಡಿ ಒತ್ತಿದೆ. ಹೊರಗೆ ಬಂದು ಹಾಳೆ ತೆಗೆದೆ. ನಾಲ್ಕು ಸಾವಿರ ಹರ್ಟ್ಸ್, ಎರಡೂ ಕಿವಿ: ಇಪ್ಪತ್ತೈದು. ಚೀಟಿಯ ಪ್ರಕಾರ ಹದಿನೈದು ಕಳೆದರೆ ಹತ್ತು. ನನ್ನ ಹಳೆಯ ಹತ್ತು!

ಆ ದಿನ ನಾನು ಊಟದ ಹೊತ್ತಿನಲ್ಲಿ ಜೂನಿಯರ್‌ಗೆ ಕಾಫಿ ಕೊಡಿಸಿದೆ. ಅವಳು ಲೋಟವನ್ನೂ ನನ್ನನ್ನೂ ನೋಡಿ, "ಏನ್ ಮೇಡಂ, ಇವತ್ತು ನನ್ನ ಬರ್ತ್‌ಡೇನಾ? ನಂಗೇ ಗೊತ್ತಿಲ್ವಲ್ಲ," ಎಂದಳು. ಸಂಜೆ ಮನೆಯಲ್ಲಿ ಟಿ.ವಿ.ಯ ಸದ್ದು ಏರಿಸಿದೆ.

"ಏನ್ ಚಿಕ್ಕಿ, ಬೀದಿಗೆಲ್ಲ ಕೇಳಿಸ್ಬೇಕಾ?" ಕಡ್ಡಿ ಕಿವಿ ಮುಚ್ಚಿಕೊಂಡಳು.

ಇಸ್ತ್ರಿಯ ಮಾತು ಕಿವಿಗೆ ಅಪ್ಪಳಿಸಿತು. ಬೆಕ್ಕು ಬಾಗಿದಳು, ಕೂದಲು ಬಿತ್ತು, ಏನೂ ಇಲ್ಲ. ಹಾಳೆಯ ಮೇಲೆ ಹತ್ತು ಇರುವ ಕಿವಿಗೆ ಏನೂ ಇಲ್ಲ.

ಅದು ಹೇಗೆ ಸಾಧ್ಯವೆಂಬುದು ನನಗೆ ಹೊಳೆದದ್ದು ಮಂಗಳವಾರ, ಅಕ್ಟೋಬರ್ 8ರ ಮಧ್ಯಾಹ್ನ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೆ. ಕೋಣೆಯೊಳಗೆ ಒಬ್ಬ ಡ್ರೈವರು ಆಟೋಮ್ಯಾಟಿಕ್ ಪರೀಕ್ಷೆಗೆ ಕೂತಿದ್ದ. ನಾನು ಹೊರಗೆ ರಿಜಿಸ್ಟರು ಬರೆಯುತ್ತಿದ್ದೆ. ನನ್ನ ಬಲಗೈ ಬರೆಯುತ್ತಿತ್ತು, ಎಡಗೈಯ ಹೆಬ್ಬೆರಳು ಮೇಜನ್ನು ಒತ್ತುತ್ತಿತ್ತು. ಯಂತ್ರ ಸದ್ದು ಕಳಿಸಿ ಅದರ ದೀಪ ಹೊತ್ತಿದಾಗಲೆಲ್ಲ ಒತ್ತುತ್ತಿತ್ತು. ದೀಪದ ಕಡೆ ನಾನು ನೋಡುತ್ತಲೇ ಇರಲಿಲ್ಲ.

ಡ್ರೈವರು ಹೋದ. ಜೂನಿಯರ್ ಊಟಕ್ಕೆ ಹೋದಳು. ನಾನು ಒಳಗೆ ಹೋಗಿ, ಗೋಡೆಯ ಫಲಕದಿಂದ ಹೆಡ್‌ಫೋನಿನ ಎರಡೂ ಪಿನ್ನುಗಳನ್ನು ಕಿತ್ತೆ. ಕೆಂಪು ಬಲಗಿವಿಯದು, ನೀಲಿ ಎಡಗಿವಿಯದು. ಎರಡನ್ನೂ ಎಡಗೈಯಲ್ಲಿ ಹಿಡಿದುಕೊಂಡೆ. ಹೊರಗೆ ಹೋಗಿ ಪರೀಕ್ಷೆ ಶುರುಮಾಡಿ ಬಂದು, ಎಲ್ಲಿಗೂ ಸೇರದ ಹೆಡ್‌ಫೋನನ್ನು ತಲೆಗೆ ಹಾಕಿ, ಬಲಗೈಯಲ್ಲಿ ಗುಂಡಿ ಹಿಡಿದು ಕಣ್ಣು ಮುಚ್ಚಿದೆ. ಪ್ರಾಮಾಣಿಕವಾಗಿ ಹೇಳುತ್ತೇನೆ, ನನಗೆ ಕೇಳಿಸಿತು. ದೂರದಿಂದ, ಎಳೆಯಂತೆ, ಒಂದೊಂದಾಗಿ ಸದ್ದುಗಳು ಬಂದವು. ಬಂದಾಗಲೆಲ್ಲ ಒತ್ತಿದೆ. ಒಂದನ್ನು ಬಿಟ್ಟೆನೇನೋ ಎಂದು ಚಡಪಡಿಸಿದೆ ಕೂಡ.

ಹಾಳೆ ಹೊರಬಂತು. ನಾಲ್ಕು ಸಾವಿರ ಹರ್ಟ್ಸ್: ಇಪ್ಪತ್ತೈದು.

ಪಿನ್ನುಗಳು ಇನ್ನೂ ನನ್ನ ಎಡಗೈಯಲ್ಲಿದ್ದವು. ಹಿಡಿದ ಬಿಗಿಗೆ ಅಂಗೈಯಲ್ಲಿ ಎರಡು ಗುಳಿ ಬಿದ್ದಿದ್ದವು. ಹಳೆಯ ಯಂತ್ರ, ಅದರ ಬಿಡುವುಗಳು ಹನ್ನೊಂದು ವರ್ಷದಿಂದ ಒಂದೇ ಲಯದವು: ಎರಡು ಸೆಕೆಂಡು, ಮೂರೂವರೆ, ಎರಡು, ಐದು. ರೋಗಿಗೆ ಅದು ಗೊತ್ತಿಲ್ಲ. ನನ್ನ ಹೆಬ್ಬೆರಳಿಗೆ ಗೊತ್ತು. ಎಲ್ಲಿ ನಿಲ್ಲಬೇಕೆಂಬುದೂ ಅದಕ್ಕೆ ಗೊತ್ತು. ಯಾವ ಅಂಕಿ ಬಂದರೆ ನಾನು ನೆಮ್ಮದಿಯಿಂದಿರುತ್ತೇನೋ ಆ ಅಂಕಿಯಲ್ಲಿ. ಸೆಪ್ಟೆಂಬರ್ 9ರಂದು ನಾನು ಕೈಯಾರೆ ತಿರುಗಿಸಿದ ಮಾಪಕ ನನ್ನ ಕಣ್ಣೆದುರೇ ಇತ್ತು. ಆ ಇಪ್ಪತ್ತೈದನ್ನೂ ನಾನು ಕೇಳಿರಲಿಲ್ಲ, ಓದಿದ್ದೆ.

 ಆದರೆ ನಿಜವಾದ ಹೆದರಿಕೆ ಅದರ ನಂತರದ್ದು. ಯಂತ್ರದ ಮೇಲೆ ಆ ಚೀಟಿ ಇತ್ತು. ಯಂತ್ರ ಸರಿಯಿದ್ದರೆ, ತಿಂಗಳಿಡೀ ನಾವು ಕಳೆದ ಹದಿನೈದು?

ರಿಜಿಸ್ಟರು ತೆರೆದೆ. ಸೆಪ್ಟೆಂಬರ್ 9ರಿಂದ ನೂರ ಹನ್ನೆರಡು ಜನ. ಬೆರಳಿಟ್ಟು ಒಂದೊಂದೇ ಸಾಲು ಓದಿದೆ. ಹೆಚ್ಚಿನವರಿಗೆ ಹದಿನೈದರಿಂದ ಏನೂ ಬದಲಾಗುತ್ತಿರಲಿಲ್ಲ. ಏಳು ಜನ ಮಾತ್ರ ಗೆರೆ ದಾಟಿದ್ದರು: ಸೋತ ಕಿವಿ ಎಂದು ಬರೆಯಬೇಕಾದಲ್ಲಿ ಸಹಜ ಎಂದು ಬರೆದಿತ್ತು. ಏಳರಲ್ಲಿ ಒಂದು, ಸೆಪ್ಟೆಂಬರ್ 17ರದು, ಏಳು ವರ್ಷದ ಹುಡುಗಿ. ಅವಳ ಮೂವತ್ತೈದು ನಮ್ಮ ಚೀಟಿಯಿಂದ ಇಪ್ಪತ್ತಾಗಿತ್ತು.

ಅವಳು ಚೆನ್ನಾಗಿ ನೆನಪಿದ್ದಳು. ಕಾಲು ನೆಲಕ್ಕೆ ಎಟಕುತ್ತಿರಲಿಲ್ಲ. ಗುಂಡಿ ಒತ್ತುವುದು ಪ್ರತಿ ಸಲವೂ ತಡ. ಒತ್ತುವ ಮೊದಲು ಗಾಜಿನಾಚೆ ನನ್ನ ಮುಖ ನೋಡುತ್ತಿದ್ದಳು. ಅವಳಮ್ಮನಿಗೆ ನಾನು ಹೇಳಿದ್ದೆ: "ಕಿವಿ ಚೆನ್ನಾಗಿದೆ, ಗಮನ ಕಮ್ಮಿ ಅಷ್ಟೇ." ಕಾರಿಡಾರಿನಲ್ಲಿ ಹೋಗುತ್ತಾ ಆ ತಾಯಿ ಮಗಳ ರಟ್ಟೆ ಹಿಡಿದು, "ಕೇಳಿಸ್ಕೊಂಡ್ಯಾ? ಬೇಕಂತ ಮಾಡ್ತೀಯಾ ನೀನು?" ಎನ್ನುತ್ತಿದ್ದುದು ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಗದರಿಕೆ ತಗ್ಗಿನ ಕಂಪನಾಂಕದ್ದು.

ರಿಜಿಸ್ಟರು ಮುಚ್ಚಿದೆ. ಇಂಥ ಸಮಯದಲ್ಲಿ ತಲೆ ಎಷ್ಟು ಚುರುಕಾಗಿ ಓಡುತ್ತದೆಂದರೆ ನಾಚಿಕೆಯಾಗುತ್ತದೆ. ರಿಪೇರಿಯವನು ಬಂದು ಯಂತ್ರ ಸರಿಯಿದೆ ಎನ್ನುತ್ತಾನೆ, ನಾನು ಚೀಟಿ ಕಿತ್ತು, 'ಸರಿಪಡಿಸಲಾಗಿದೆ' ಎಂದು ಬರೆಯುತ್ತೇನೆ, ಯಾರಿಗೂ ತಿಳಿಯುವುದಿಲ್ಲ. ಮೂರು ವಾರ ಕಾದರೆ ಸಾಕು. ಜೂನಿಯರ್ ಊಟ ಮುಗಿಸಿ ಬರುವ ಮೊದಲು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನೊಳಗೆ ಇಟ್ಟುಕೊಂಡೆ.

ಸಂಜೆ ಐದೂವರೆಗೆ ಕಡ್ಡಿ ಟಿ.ವಿ. ಹಾಕಿದಳು. ಐದು ನಿಮಿಷ ನೋಡಿದೆ. ಬೆಕ್ಕು ಬಾಗಿದಳು. ನಾನು ಎದ್ದು ಹೋಗಿ ಪರದೆಗೆ ಕಿವಿ ಹಚ್ಚುವಷ್ಟು ಹತ್ತಿರ ನಿಂತೆ.

"ಚಿಕ್ಕಿ! ಕಾಣಿಸ್ತಿಲ್ಲ, ಸರಿ!"

"ಏನಂದ್ಲು?"

"ಯಾರು?"

"ಬೆಕ್ಕು. ಈಗ. ಏನಂದ್ಲು?"

"ಕೇಳಿಸ್ಲಿಲ್ವಾ? ಇಷ್ಟ್ ಹತ್ರ ನಿಂತಿದ್ದೀಯಲ್ಲ."

"ಇಲ್ಲ," ಎಂದೆ. ಆ ಒಂದು ಪದ ಹೊರಗೆ ಬರಲು ಐದು ದಿನ ಬೇಕಾಗಿತ್ತು. "ಇವತ್ತೂ ಇಲ್ಲ, ಮೊದಲ ದಿನವೂ ಇಲ್ಲ. ಅವಳು ಆಡಿದ ಒಂದು ಮಾತೂ ನಂಗೆ ಕೇಳಿಸಿಲ್ಲ ಕಡ್ಡಿ."

ಅವಳು ರಿಮೋಟು ಒತ್ತಿ ಟಿ.ವಿ. ಆರಿಸಿದಳು. ಕಂತಿನ ನಡುವೆ ಅವಳು ಹಾಗೆ ಮಾಡಿದ್ದು ಅದೇ ಮೊದಲು. ನನ್ನನ್ನು ಕೂರಿಸಿ, ಎದುರು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು.

"ಇಪ್ಪತ್ತೇಳು ಎಪಿಸೋಡು?"

"ಇಪ್ಪತ್ತೇಳು."

"ನೀನು ನಗ್ತಾನೇ ಇರ್ಲಿಲ್ಲ. ನಿಂಗೆ ಜೋಕ್ ಹಿಡಿಸಲ್ಲ ಅಂದ್ಕೊಂಡಿದ್ದೆ. ಸೈನ್ಸ್ ಓದಿದೋರು ಹಂಗೇ ಅಂತ ಅಮ್ಮ ಹೇಳ್ತಿರ್ತಾಳೆ."

"ಜೋಕಾ? ಬೆಕ್ಕು ಜೋಕ್ ಹೇಳ್ತಾಳಾ?"

"ಚಿಕ್ಕಿ, ಅವಳು ಜೋಕ್ ಬಿಟ್ಟು ಬೇರೆ ಏನೂ ಹೇಳಲ್ಲ! ಹೆಡ್‌ಮಾಸ್ಟರ್ ನಡೆಯೋದು ನೋಡಿ 'ಚಕ್ರ ಕಳ್ಕೊಂಡ ಟ್ರಾಲಿ' ಅಂದಿದ್ದು ಅವಳೇ. ಇಸ್ತ್ರಿ ಅಳ್ತಾ ಕೂತಾಗ ಕಿವೀಲಿ 'ಅಂಗಿ ಮುದುಡಿದ್ರೆ ಪರವಾಗಿಲ್ಲ, ಮುಖಕ್ಕೆ ಯಾವ ಇಸ್ತ್ರಿಪೆಟ್ಟಿಗೆ ಕಾಯಿಸ್ಲಿ' ಅಂದ್ಲು. ಅದಕ್ಕೇ ನಾನು ನಕ್ಕಿದ್ದು, ಅತ್ತಿದ್ದು."

ಅವಳು ಮೊದಲ ಕಂತಿನಿಂದ ಶುರುಮಾಡಿದಳು. ಯಾವ ದೃಶ್ಯ, ಯಾರ ಕಿವಿ, ಏನು ಮಾತು ಎಂದು ಒಂದೂ ಬಿಡದೆ. ನಾನು ಅವಳ ತುಟಿ ನೋಡುತ್ತಾ ಕೇಳಿದೆ. ನಾನು ಐದು ವಾರ ಪ್ರೀತಿಸಿದ ಗಂಭೀರ, ದುಃಖಿ ಹುಡುಗಿ ಎಲ್ಲಿಯೂ ಇರಲಿಲ್ಲ. ಇದ್ದವಳು ಒಬ್ಬ ಕಿಡಿಗೇಡಿ, ಬಾಯಿಬಡುಕಿ. ನನಗೆ ನಗು ಬಂತು, ಜೋರಾಗಿಯೇ ಬಂತು. ನಗುವಿನ ಬುಡದಲ್ಲಿ ಭಯ ಹಾಗೇ ಕೂತಿತ್ತು. ಒಬ್ಬ ಹುಡುಗಿಯನ್ನು ಇಷ್ಟು ತಪ್ಪಾಗಿ ತಿಳಿದು, ಅದರ ಬಗ್ಗೆ ಅಷ್ಟು ಖಚಿತವಾಗಿದ್ದೆನಲ್ಲ. ಇನ್ನೊಬ್ಬ ಹುಡುಗಿಯ ಬಗ್ಗೆಯೂ ಅಷ್ಟೇ ಖಚಿತವಾಗಿ ಸಹಿ ಹಾಕಿದ್ದೆ.

ಅದನ್ನೂ ಅವಳಿಗೆ ಹೇಳಿದೆ. ಚೀಟಿ, ಹದಿನೈದು, ಏಳು ವರ್ಷದ ಮಗು. ಕಡ್ಡಿ ಬಹಳ ಹೊತ್ತು ತನ್ನ ಕಾಲ್ಚೀಲದ ದಾರ ಎಳೆಯುತ್ತಿದ್ದಳು.

"ಹಂಗಾದ್ರೆ ಅದು ಕ್ಲಾಸಲ್ಲಿ ದಿನಾ ಬೈಸ್ಕೋತಾ ಕೂತಿರತ್ತೆ."

"ಹೂಂ."

"ಹೇಳಿದ್ರೆ ನಿನ್ನ ಕೆಲಸ ಹೋಗತ್ತಾ?"

"ಈ ಕೆಲಸ ಹೋಗ್ಬಹುದು."

"ಅಮ್ಮಂಗೆ ನಾನು ಹೇಳಲ್ಲ. ನೀನೇ ಹೇಳ್ಕೋ," ಎಂದಳು. ಆಮೇಲೆ ಮುಖ ಊದಿಸಿಕೊಂಡು, "ಆದ್ರೆ ಆ ಮಗು ಕಥೆ ಮಾತ್ರ ನಾಳೇನೇ ಹೇಳ್ಬೇಕು. ಇಲ್ದಿದ್ರೆ ನಾನು ಈ ಮನೇಲಿ ಟಿ.ವಿ. ನೋಡಲ್ಲ," ಎಂದಳು. ಅವಳ ಕೈಯಲ್ಲಿದ್ದ ಬೆದರಿಕೆ ಅದೊಂದೇ, ಪಾಪ.

ಬುಧವಾರ ಎಂಟು ಗಂಟೆಗೆ ಜೂನಿಯರ್ ಬಂದಾಗ ನಾನು ಚೀಟಿಯನ್ನು ಯಂತ್ರದಿಂದ ಕಿತ್ತು ರಿಜಿಸ್ಟರಿನೊಳಗೆ ಅಂಟಿಸಿಯಾಗಿತ್ತು. ಅದರ ಪಕ್ಕದಲ್ಲಿ 'ಈ ತಿದ್ದುಪಡಿ ತಪ್ಪು, ಯಂತ್ರದಲ್ಲಿ ದೋಷವಿಲ್ಲ' ಎಂದು ಬರೆದು, ಕೆಳಗೆ ಏಳು ಸರದಿ ಸಂಖ್ಯೆಗಳನ್ನು ಹಾಕಿ ಸಹಿ ಮಾಡಿದ್ದೆ. ಪಿನ್ನು ಕಿತ್ತು ತೆಗೆದ ಹಾಳೆಯನ್ನು ಅವಳ ಮುಂದಿಟ್ಟು ನಡೆದದ್ದನ್ನು ಹೇಳಿದೆ. ಅವಳು ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು.

"ಅವತ್ತು ನಾನು ಹೇಳಿದ್ದೆ, ಮೇಡಂ."

"ಹೇಳಿದ್ದೆ. ನಾನು ಬಾಯಿ ಮುಚ್ಚಿಸಿದೆ."

"ಇನ್ನೂ ಜೋರಾಗಿ ಹೇಳ್ಬೇಕಿತ್ತು."

"ಅದರಲ್ಲಿ ನಿನ್ನ ತಪ್ಪಿಲ್ಲ. ಈ ಏಳು ಜನಕ್ಕೆ ಫೋನ್ ಮಾಡು, ಇವತ್ತೇ ಬರಲಿ. ಮಗು ಮೊದಲು. ನೀನೇ ಪರೀಕ್ಷೆ ಮಾಡು, ನಾನು ಮುಟ್ಟಲ್ಲ. ಹತ್ತು ಗಂಟೆಗೆ ದೊಡ್ಡ ಡಾಕ್ಟರ್ ಹತ್ರ ನಾನು ಹೋಗ್ತೀನಿ. ಖಾಲಿ ಕೈಯಲ್ಲಿ ಹೋಗೋಕಾಗಲ್ಲ. ಅದಕ್ಕೆ ಮುಂಚೆ ನನ್ನ ಕಿವಿಯ ಅಂಕಿ ತೆಗಿ."

"ನಾನಾ?"

"ಆಟೋಮ್ಯಾಟಿಕ್ ಬೇಡ. ಕೈಯಲ್ಲಿ ತಿರುಗಿಸು. ಬಿಡುವು ನಿನ್ನ ಇಷ್ಟ ಬಂದ ಹಾಗೆ ಕೊಡು. ಒಂದು ನಿಮಿಷ ಸುಮ್ಮನಿದ್ರೂ ಸರಿ. ನಾನು ನಿನಗೆ ಬೆನ್ನು ಹಾಕಿ ಕೂರ್ತೀನಿ."

ಅವಳು ಫೋನು ಮಾಡಿ ಮುಗಿಸಿದಳು. ಮಗುವಿನ ತಾಯಿ ಮಧ್ಯಾಹ್ನ ಮೂರಕ್ಕೆ ಬರುತ್ತೇನೆ ಎಂದಳಂತೆ. ನಾನು ಒಳಗೆ ಹೋಗಿ ಕುರ್ಚಿಯನ್ನು ಕಿಟಕಿಗೆ ಬೆನ್ನಾಗಿ ತಿರುಗಿಸಿಕೊಂಡೆ. ಜೂನಿಯರ್ ಬಂದು ಹೆಡ್‌ಫೋನು ಸರಿಯಾಗಿ ಕೂರಿಸಿದಳು, ಕಿವಿಯ ಮೇಲಿನ ಕೂದಲು ಸರಿಸಿದಳು. ಸಾವಿರಾರು ಜನರಿಗೆ ನಾನು ಮಾಡಿದ ಕೆಲಸವದು. ನನಗೆ ಯಾರೂ ಮಾಡಿರಲಿಲ್ಲ. ಅವಳ ಬೆರಳು ತಣ್ಣಗಿತ್ತು. ಬಾಗಿಲು ಮುಚ್ಚಿಕೊಂಡಿತು.

ದಪ್ಪ ಸದ್ದುಗಳು ಮೊದಲು ಬಂದವು. ಒತ್ತಿದೆ, ಒತ್ತಿದೆ. ಸುಲಭವಾಗಿತ್ತು. ಸದ್ದು ತೆಳುವಾಗುತ್ತಾ ಚೂಪಾಗುತ್ತಾ ಹೋಯಿತು. ಆಮೇಲೆ ಏನೂ ಬರಲಿಲ್ಲ.

ಏನೂ ಬಾರದಿರುವಾಗ ಮನುಷ್ಯ ಸುಮ್ಮನಿರುವುದು ಎಷ್ಟು ಕಷ್ಟವೆಂದು ರೋಗಿಗಳು ಹೇಳುತ್ತಿದ್ದುದು ನನಗೆ ಆಗ ಅರ್ಥವಾಯಿತು. ಹೆಬ್ಬೆರಳು ತಾನಾಗಿ ಬಾಗಲು ನೋಡಿತು: ಎರಡು ಸೆಕೆಂಡು, ಮೂರೂವರೆ. ಅದನ್ನು ಇನ್ನೊಂದು ಕೈಯಿಂದ ಹಿಡಿದೆ. ಈಗ ಅವಳು ಕಳಿಸುತ್ತಿದ್ದಾಳೋ, ಕೈ ಕಟ್ಟಿ ಕೂತಿದ್ದಾಳೋ? ಗೋಡೆಯ ಸಣ್ಣ ತೂತುಗಳನ್ನು ಎಣಿಸಿದೆ. ನನ್ನದೇ ರಕ್ತದ ಬಡಿತ ಕೇಳಿಸಿತು. ಎಷ್ಟೋ ಹೊತ್ತಿನ ಮೇಲೆ, ಮುಚ್ಚಿದ ಬಾಗಿಲ ಆಚೆಯಿಂದ ಬಂದ ಹಾಗೆ, ಒಂದು ಚೂಪು ಸದ್ದು. ಅದು ಹೊರಗಿನದೇ, ನನ್ನೊಳಗಿನದಲ್ಲವೆಂದು ಖಾತ್ರಿ ಮಾಡಿಕೊಂಡೇ ಒತ್ತಿದೆ.

ಬಾಗಿಲು ತೆರೆಯಿತು. ಜೂನಿಯರ್ ಹಾಳೆಯನ್ನು ಎದೆಗೆ ಒತ್ತಿ ಹಿಡಿದಿದ್ದಳು.

"ಮೇಡಂ, ಇನ್ನೊಂದ್ಸಲ ಮಾಡ್ಲಾ?"

"ಮಾಡು."

ಇನ್ನೊಂದು ಸಲ ಮಾಡಿದಳು. ಮತ್ತೆ ಬಂದಾಗ ಹಾಳೆ ಎದೆಯ ಮೇಲಿರಲಿಲ್ಲ, ಕೈಯಲ್ಲಿ ಜೋತುಬಿದ್ದಿತ್ತು.

"ಬದಲಾಯ್ತಾ?"

"ಇಲ್ಲ."

"ಓದು. ನಿಧಾನವಾಗಿ, ನನ್ನ ಕಡೆ ತಿರುಗಿ ಓದು."

ಅವಳು ಓದಿದಳು. ನಾನು ರಿಜಿಸ್ಟರಿನ ಮೊದಲ ಪುಟ ತೆರೆದು, ನನ್ನ ಹಳೆಯ ಅಂಕಿಗಳ ಮೇಲೆ ಒಂದು ಗೆರೆ ಎಳೆದು, ಕೆಳಗೆ ಬರೆದುಕೊಂಡೆ: ಅಕ್ಟೋಬರ್ 9, ಬೆಳಗ್ಗೆ 8.55. ಒಂದು ಸಾವಿರ ಹರ್ಟ್ಸ್, ಹದಿನೈದು. ಎರಡು ಸಾವಿರ, ನಲವತ್ತು. ನಾಲ್ಕು ಸಾವಿರ, ಎರಡೂ ಕಿವಿ, ಐವತ್ತೈದು ಡೆಸಿಬೆಲ್.